ನಾಲ್ಕೂ ಬೋರಲು ಬಿದ್ದರೆ

ಧೀರೇಂದ್ರ ಸರ್ ಮೊದಲ ದಿನವೇ ನಿಯಮಗಳ ಹಾಳೆ ಹಂಚಿದರು. ಬಿ.ಎಸ್ಸಿ. ಸಂಖ್ಯಾಶಾಸ್ತ್ರಕ್ಕೆ ಇಷ್ಟೊಂದು ಕಟ್ಟುಪಾಡು ಯಾಕೆ ಬೇಕು ಎಂದು ನನಗೆ ಆಗಲೇ ಮೈ ಉರಿದಿತ್ತು. ಪ್ರತಿ ಶನಿವಾರ ಮೊದಲ ಪೀರಿಯಡ್ಡಿನಲ್ಲಿ ಕ್ವಿಜ್. ತಪ್ಪಿಸಿಕೊಂಡರೆ ಮರುಕ್ವಿಜ್ ಇಲ್ಲ. ಜ್ವರ ಬಂದರೂ ಇಲ್ಲ, ಅಜ್ಜ ಸತ್ತರೂ ಇಲ್ಲ. ಅಜ್ಜನ ಮಾತು ನನ್ನದು, ಉಳಿದದ್ದು ಹಾಳೆಯದು. ಟ್ಯುಟೋರಿಯಲ್ ಸಂಜೆ, ಪಾಠಗಳೆಲ್ಲ ಮುಗಿದ ಮೇಲೆ. ಇಬ್ಬರ ಉತ್ತರದಲ್ಲಿ ಒಂದೇ ಬಗೆಯ ತಪ್ಪು ಕಂಡರೆ ಅದು ನಕಲು. ಇಬ್ಬರಿಗೂ ಸೊನ್ನೆ, ತಪ್ಪೊಪ್ಪಿಗೆ ಬರೆದುಕೊಡುವವರೆಗೆ ಹಾಲ್ ಟಿಕೆಟ್ ಇಲ್ಲ.

ಸರ್ ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ದಿನವೂ ಪಾಠ ತಪ್ಪಿಸಿದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಸೇಡಂನಲ್ಲಿ ಕಾಲೇಜಿನ ಬೆನ್ನಿಗೇ ಮನೆ ಇದ್ದವರಿಗೆ ಸಂಜೆಯ ಟ್ಯುಟೋರಿಯಲ್ ಎಂದರೆ ಒಂದು ತಾಸಿನ ಮಾತು. ನಮಗೆ ಹಾಗಲ್ಲ. ನಾನು ಪೂನಮ್, ವಾಡಿಯವಳು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಸಂಘಮಿತ್ರಾ ರಾವೂರಿನವಳು, ಟಂಟಂ ಆಟೋ ಹಿಡಿದು ವಾಡಿಗೆ ಬಂದು ನನ್ನ ಜೊತೆ ಪ್ಯಾಸೆಂಜರ್ ಹತ್ತುತ್ತಿದ್ದಳು. ನಾಹಿದ ಮತ್ತು ಮಶಾಕ ಚಿತ್ತಾಪುರದಲ್ಲಿ ಹತ್ತುತ್ತಿದ್ದರು. ಟ್ಯುಟೋರಿಯಲ್ ಶುರುವಾಗುವ ಹೊತ್ತಿಗೆ ನಮ್ಮ ಗಾಡಿ ಸೇಡಂ ಬಿಡುತ್ತಿತ್ತು. ಅದು ತಪ್ಪಿದರೆ ರಾವೂರು ಯಾವಾಗ ಮುಟ್ಟುವುದೋ ದೇವರಿಗೇ ಗೊತ್ತು.

ಹೀಗಾಗಿ ಸಂಘಮಿತ್ರಾ ಗಾಡಿಯಲ್ಲೇ ಟ್ಯುಟೋರಿಯಲ್ ಶುರು ಮಾಡಿದಳು. ಕೇಳಿ, ಗುರು ಅಂತ ಯಾರೂ ನೇಮಿಸಿರಲಿಲ್ಲ, ಆಕೆಯೇ ನೇಮಿಸಿಕೊಂಡಳು. ಕಡೆಯ ಡಬ್ಬಿಯಲ್ಲಿ ಎದುರುಬದುರು ಸೀಟು ಹಿಡಿದು, ನಡುವೆ ಹಲಗೆಯೊಂದನ್ನಿಟ್ಟು, ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದಳು. ತಾಯಿಯಿಂದ ಬೇಡಿ ತಂದ ನಾಲ್ಕು ಕವಡೆ ಹಲಗೆಯ ಮೇಲೆ ಬಿದ್ದವು.

"ಸರ್ ನಾಣ್ಯ ನಾಣ್ಯ ಅಂತಾರ. ನಾಣ್ಯ ಯಾರ್ ಎಸಿತಾರ ಈಗ? ಎಲ್ಲಾರೂ ಫೋನಿನಾಗೇ ರೊಕ್ಕ ಕೊಡ್ತಾರ. ಕವಡಿ ಎಸಿ, ನಾಹಿದ. ಎಷ್ಟ್ ಸಲ ಎರಡು ಬೀಳ್ತದ, ಎಷ್ಟ್ ಸಲ ಮೂರು ಬೀಳ್ತದ, ನೋಡೋಣು," ಎಂದಳು.

ನೋಡಿದೆವು. ಮಳಖೇಡ ದಾಟುವಷ್ಟರಲ್ಲಿ ಎರಡು ಯಾಕೆ ಹೆಚ್ಚು ಬೀಳುತ್ತದೆ, ನಾಲ್ಕು ಯಾಕೆ ಅಪರೂಪ ಎಂಬುದು ನನ್ನಂಥ ದಡ್ಡಿಗೂ ಹೊಳೆಯಿತು. ಚೌಕಾಬಾರ ಆಡಿದವರಿಗೆ ಹೇಳಬೇಕಾಗಿಲ್ಲ: ಅಂಗಾತ ಬಿದ್ದ ಕವಡೆಗಳನ್ನು ಎಣಿಸಬೇಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಎಂಟು ಬಿದ್ದಾಗ ಮಶಾಕ ಡಬ್ಬಿ ಹಾರಿಹೋಗುವಂತೆ ಕೂಗುತ್ತಿದ್ದ. ಎದುರಿನ ಸೀಟಿನ ಹೆಂಗಸರೂ ಬಗ್ಗಿ ನೋಡುತ್ತಿದ್ದರು. ಹೊರಗೆ ತೊಗರಿ ಹೂ ಬಿಟ್ಟಿತ್ತು. ನಾವು ಮಾತ್ರ ಸಂಭವನೀಯತೆಯಲ್ಲಿ ಮುಳುಗಿದ್ದೆವು. ಜೀವಮಾನದಲ್ಲಿ ನನಗೆ ಗಣಿತ ಇಷ್ಟು ರುಚಿಸಿದ್ದಿಲ್ಲ.

ಒಂದು ಶನಿವಾರದ ಕ್ವಿಜ್‌ನಲ್ಲಿ ಸರ್ ಜಾಣತನ ಮಾಡಿದರು. ನಾಣ್ಯದ ಲೆಕ್ಕಕ್ಕೆ ಉತ್ತರ ಫೋನಿನಲ್ಲಿ ಸಿಗುತ್ತದೆ ಎಂದು ನಾಣ್ಯ ತೆಗೆದು ಕವಡೆ ಇಟ್ಟರು. 'ನಾಲ್ಕು ಕವಡೆಗಳನ್ನು ಎಸೆದು, ಅಂಗಾತ ಬಿದ್ದವನ್ನು ಎಣಿಸಲಾಗುತ್ತದೆ. ಈ ಎಣಿಕೆಯ ಸರಾಸರಿ ಎಷ್ಟು?' ಪ್ರಶ್ನೆ ಓದಿ ನನಗೆ ಕುಣಿಯುವಂತಾಯಿತು. ನಮ್ಮದೇ ಪ್ರಶ್ನೆ! ಸಂಘಮಿತ್ರಾ ಮುಂದಿನ ಬೆಂಚಿನಲ್ಲಿದ್ದಳು, ನಾನು ಕಿಟಕಿಯ ಮಗ್ಗುಲಲ್ಲಿ, ಮಶಾಕ ಎಲ್ಲರಿಗಿಂತ ಹಿಂದೆ, ನಾಹಿದ ಬಾಗಿಲ ಬಳಿ. ನಾಲ್ವರೂ ಎರಡೂವರೆ ಎಂದು ಬರೆದೆವು.

ಸೋಮವಾರ ಸರ್ ನಮ್ಮ ನಾಲ್ಕೂ ಹಾಳೆಗಳನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು.

"ಉತ್ತರ ಎರಡು. ಕ್ಲಾಸಿನ ಮಂದಿ ಎಲ್ಲಾ ಎರಡು ಬರ್ದಾರ, ಇಲ್ಲಾ ಏನೂ ಬರ್ದಿಲ್ಲ. ಎರಡೂವರೆ ಬರ್ದವ್ರು ನಾಲ್ಕೇ ಮಂದಿ. ನಾಲ್ಕೂ ಗಾಡಿಯಿಂದ ಬರೋವ್ರು," ಎಂದರು. ಆಮೇಲೆ ಕರಿಹಲಗೆಯ ಮೇಲೆ ಲೆಕ್ಕ ಹಾಕಿದರು. ಇಂಥ ವಿಚಿತ್ರ ತಪ್ಪನ್ನು ನೂರರಲ್ಲಿ ಒಬ್ಬ ಮಾಡಬಹುದು. ನಾಲ್ವರೂ ತಮ್ಮಷ್ಟಕ್ಕೆ ತಾವೇ ಮಾಡುವ ಸಂಭವ ಹತ್ತು ಕೋಟಿಗೆ ಒಂದು. "ಈಗ ಹೇಳ್ರಿ, ಯಾರು ಯಾರದು ಕದ್ದೀರಿ?"

ಕದಿಯುವುದು ಎಂಬ ಮಾತು ಬಿದ್ದದ್ದೇ ತಡ, ಹಿಂದಿನಿಂದ ಯಾರೋ ನಕ್ಕರು. ನಾಹಿದ ತಲೆ ತಗ್ಗಿಸಿದಳು. ಎದ್ದು ನಿಂತದ್ದು ಸಂಘಮಿತ್ರಾ.

"ಗುಣಾಕಾರ ಬರಾಬರಿ ಅದರಿ ಸರ್. ಆದ್ರ ಒಂದಕ್ಕೊಂದು ಸಂಬಂಧ ಇಲ್ದಾಗಷ್ಟೇ ಗುಣಿಸಬೇಕು ಅಂತ ನೀವೇ ಕಲಿಸೀರಿ. ನಾವು ನಾಲ್ಕೂ ಮಂದಿ ಒಂದೇ ಡಬ್ಯಾಗ ಕುಂತು ಕಲ್ತೇವ್ರಿ. ನಾನೇ ಕಲಿಸೀನಿ. ತಪ್ಪಿದ್ರ ಅದು ನಂದು. ಕದ್ದದ್ದಲ್ಲ."

"ನೀ ಯಾರವಾ ಕಲಸ್ಲಿಕ್ಕೆ? ಟ್ಯುಟೋರಿಯಲ್ಲಿಗೆ ಬಂದು ಕಲೀಬೇಕು."

"ನಿಮ್ಮ ಟ್ಯುಟೋರಿಯಲ್ಲಿಗೆ ನಮ್ಮ ಗಾಡಿ ನಿಂದ್ರಂಗಿಲ್ಲರಿ."

ಸರ್ ನಿಯಮದ ಹಾಳೆ ತೆಗೆದು ಓದಿದರು. ನಾಲ್ವರಿಗೂ ಸೊನ್ನೆ. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಹಾಲ್ ಟಿಕೆಟ್, ಇಲ್ಲದಿದ್ದರೆ ಪರೀಕ್ಷೆ ಮರೆತುಬಿಡಿ.

ಸಹಿ ಹಾಕಿದರೆ ಮುಗಿಯುತ್ತಿತ್ತು. ಗಾಡಿಯಲ್ಲಿ ಮಶಾಕ ಅದನ್ನೇ ಅಂದ. "ಒಂದ್ ಕಾಗದಕ್ಕ ಯಾಕ ಇಷ್ಟ್ ಜಿದ್ದು? ವರ್ಷ ಹಾಳಾಗ್ತದ. ನಮ್ಮಪ್ಪ ನನ್ನ ಸುಮ್ಕ ಬಿಡಂಗಿಲ್ಲ."

"ಹಾಕು, ನಾ ಬ್ಯಾಡ ಅನ್ನಂಗಿಲ್ಲ," ಎಂದಳು ಸಂಘಮಿತ್ರಾ. "ನಾ ಮಾತ್ರ ಹಾಕಂಗಿಲ್ಲ."

ಅವಳ ತಾಯಿ ರಮಾಬಾಯಿ ರಾವೂರಿನಲ್ಲಿ ಅಂಗನವಾಡಿ ಟೀಚರ್. ಆ ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ, ಮಗಳಿಗೆ ಬುದ್ಧಿ ಹೇಳಿಸಬೇಕು ಎಂದು. ರಮಾಬಾಯಿ ನನ್ನ ಮುಂದೆ ರೊಟ್ಟಿಯ ತಾಟು ಇಟ್ಟು ಎಲ್ಲ ಕೇಳಿಸಿಕೊಂಡರು.

"ನಪಾಸಾದ್ರ ಇನ್ನೊಂದ್ ವರ್ಷ ಓದ್ತಾಳ. ಕಳ್ಳಿ ಅಂತ ಬರ್ದದ್ದರ ಕೆಳಗ ನಮ್ಮ ಮನಿ ಹೆಸರು ಬಿದ್ರ, ಅದನ್ನ ಯಾವ ವರ್ಷದಾಗ ಅಳಸ್ಬೇಕವಾ?" ಎಂದರು. "ನಮ್ಮಂಥವ್ರಿಗೆ ಆ ಹೆಸರು ಇಡಲಿಕ್ಕೆ ಮಂದಿ ಕಾಯ್ಕೋತ ಇರ್ತಾರ. ನಾವೇ ಸಹಿ ಮಾಡಿ ಕೊಡೂದ?"

ಬುದ್ಧಿ ಹೇಳಿಸಲು ಹೋದವಳು ರೊಟ್ಟಿ ತಿಂದು, ಬುದ್ಧಿ ಹೇಳಿಸಿಕೊಂಡು ಬಂದೆ.

ಅವರ ಮಾತು ಎಷ್ಟು ಖರೆ ಎಂಬುದು ಬೇಗನೇ ತಿಳಿಯಿತು. ಕ್ಲಾಸಿನಲ್ಲಿ ಯಾರದೋ ಕ್ಯಾಲ್ಕುಲೇಟರ್ ಕಾಣೆಯಾಯಿತು. ಕಳೆದುಕೊಂಡವಳು ಯಾರನ್ನೂ ಕೇಳದೆ ನೇರವಾಗಿ ಬಂದು ಸಂಘಮಿತ್ರಾಳ ಚೀಲಕ್ಕೆ ಕೈ ಹಾಕಿದಳು. ನಾನು ಆ ಕೈ ಹಿಡಿದು ತಿರುಚಿಬಿಡುತ್ತಿದ್ದೆ, ಸಂಘಮಿತ್ರಾ ಬಿಡಲಿಲ್ಲ. "ನೋಡ್ಲಿ ಬಿಡು," ಎಂದು ಚೀಲ ಬಿಚ್ಚಿ ಬೆಂಚಿನ ಮೇಲೆ ಸುರಿದಳು. ಕ್ಯಾಲ್ಕುಲೇಟರ್ ಆಮೇಲೆ ಲೈಬ್ರರಿಯಲ್ಲಿ ಸಿಕ್ಕಿತು. ಕ್ಷಮಿಸು ಎಂದು ಯಾರೂ ಅನ್ನಲಿಲ್ಲ. ಅವತ್ತು ಗಾಡಿಯಲ್ಲಿ ಅವಳು ಹಲಗೆ ತೆಗೆಯಲಿಲ್ಲ, ಕಿಟಕಿಗೆ ಮುಖ ಮಾಡಿ ಕೂತಳು. ಮಶಾಕ ಅವಳನ್ನೇ ನೋಡಿ ನೋಡಿ, ಜೇಬಿನಲ್ಲಿದ್ದ ತಪ್ಪೊಪ್ಪಿಗೆಯ ಹಾಳೆಯನ್ನು ಮುದ್ದೆ ಮಾಡಿ ಕಿಟಕಿಯಾಚೆ ಎಸೆದ.

ಪ್ರಿನ್ಸಿಪಾಲ್ ಶ್ರೀವಾಣಿ ಮೇಡಂ ನಮ್ಮನ್ನು ಕರೆಸಿದರು. ಧೀರೇಂದ್ರ ಸರ್ ಆಗಲೇ ಕೂತಿದ್ದರು. ಮೇಡಂ ಸೇಡಂನವರೇ, ಮಾತು ಮೆತ್ತಗೆ.

"ಹಟ ಯಾಕ್ರವಾ? ಒಂದ್ ಸಹಿ. ಮುಗೀತದ."

"ಮೇಡಂ, ಪಹಿಲಾ ಒಂದ್ ಮಾತು ಹೇಳಸ್ರಿ," ಎಂದಳು ಸಂಘಮಿತ್ರಾ. "ಎರಡೂವರೆ ಹ್ಯಾಂಗ ತಪ್ಪು ಅಂತ ಸರ್ ಇನ್ನಾ ಹೇಳಿಲ್ಲ. ಕದ್ದೀರಿ ಅಂತಷ್ಟೇ ಹೇಳ್ಯಾರ. ನನಗ ಇವತ್ತಿಗೂ ಅದು ಸರಿ ಅಂತೇ ಅನಸ್ತದ."

ಸರ್‌ಗೆ ರೇಗಿತು. ಹಾಳೆ ಎಳೆದುಕೊಂಡು ಬರೆಯುತ್ತ ಹೋದರು. ನಾಲ್ಕು ಅಂಗಾತ ಬಿದ್ದರೆ ನಾಲ್ಕು, ಹದಿನಾರರಲ್ಲಿ ಒಂದು ಸಲ. ಮೂರು ಬಿದ್ದರೆ ಮೂರು. ಎರಡು ಬಿದ್ದರೆ ಎರಡು. ಒಂದು ಬಿದ್ದರೆ ಒಂದು. ಸಂಘಮಿತ್ರಾ ಒಂದೊಂದಕ್ಕೂ ಹೂಂ ಎನ್ನುತ್ತಿದ್ದಳು.

"ಒಂದೂ ಅಂಗಾತ ಬೀಳಲಿಲ್ಲ ಅಂದ್ರ ಸೊನ್ನೆ."

"ಸೊನ್ನೆ ಯಾಕ್ರಿ? ನಾಲ್ಕೂ ಬೋರಲ ಬಿದ್ರ ಎಂಟು!"

ಸರ್ ಪೆನ್ನು ಹಿಡಿದಂತೆಯೇ ಅವಳನ್ನು ನೋಡಿದರು. ಅವಳಿಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಆದರೆ ಶ್ರೀವಾಣಿ ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಷ್ಟು ನಕ್ಕ ಪ್ರಿನ್ಸಿಪಾಲರನ್ನು ನಾನು ಕಂಡಿಲ್ಲ.

"ಹೌದ್ರಿ ಧೀರೇಂದ್ರ, ಎಂಟೇ! ಎಂಟು ಬಿದ್ರ ಇನ್ನೊಂದ್ ಸಲ ಎಸೀಲಿಕ್ಕೂ ಬರ್ತದ. ನೀವು ಚೌಕಾಬಾರ ಆಡಿಲ್ಲೇನ್ರಿ?"

"ನಮ್ಮ ಮನ್ಯಾಗ ಕವಡಿ ಮುಟ್ಟಗೊಡ್ತಿದ್ದಿಲ್ಲರಿ," ಎಂದರು ಸರ್, ಸಣ್ಣ ದನಿಯಲ್ಲಿ. ಹಾಳೆಯ ಮೇಲಿನ ಸೊನ್ನೆಯನ್ನು ಹೊಡೆದುಹಾಕಿ ಎಂಟು ಬರೆದರು, ಮತ್ತೆ ಕೂಡಿಸಿದರು. ಎರಡೂವರೆ ಬಂತು. ಅದನ್ನೇ ನೋಡುತ್ತ ಕೂತರು. ಸೇಡಂ ಊರಿನ ಹುಡುಗರು ಯಾಕೆ ಎಡವಲಿಲ್ಲ ಎಂದು ಮೇಡಂ ಕೇಳಿದರು. ಅವರು ಟ್ಯುಟೋರಿಯಲ್ಲಿನಲ್ಲಿ ಸೂತ್ರ ಕಲಿತಿದ್ದರು, ಕವಡೆಯ ಕಡೆ ನೋಡಲೇ ಇಲ್ಲ. ನಾವು ಕವಡೆಯಿಂದಲೇ ಕಲಿತಿದ್ದೆವು. ಸಂಘಮಿತ್ರಾಳಿಗೂ ಆಗಲೇ ತಪ್ಪು ತಿಳಿಯಿತು. ಪ್ರಶ್ನೆ ಕೇಳಿದ್ದು ಅಂಗಾತ ಬಿದ್ದವೆಷ್ಟು ಎಂದು, ಆಟದಲ್ಲಿ ಎಷ್ಟು ಮನೆ ನಡೆಯಬೇಕು ಎಂದಲ್ಲ.

"ತಪ್ಪು ನಮ್ಮದೇ ಅದರಿ ಸರ್. ತಪ್ಪಿಗೆ ಸೊನ್ನೆ ಕೊಡ್ರಿ, ತಗೋತೇವಿ. ಕಳವಿಗೆ ಕೊಡಬ್ಯಾಡ್ರಿ," ಎಂದಳು.

ಸರ್ ಒಪ್ಪಿದರು. ಹಾಲ್ ಟಿಕೆಟ್ ಕೊಡುತ್ತೇವೆ, ಸಹಿ ಬೇಕಿಲ್ಲ ಎಂದರು. ನಾನು ಆಗಲೇ ಬಾಗಿಲ ಕಡೆ ಹೊರಟಿದ್ದೆ. ಸಂಘಮಿತ್ರಾ ಕದಲಲಿಲ್ಲ.

"ಕ್ಲಾಸಿನಾಗೂ ಹೇಳ್ರಿ ಸರ್."

"ಅದೇನು ಹೇಳೋದದ? ಮುಗೀತಲ್ಲ. ನಿಯಮದಾಗ ಹಂಗೇನಿಲ್ಲ," ಎಂದು ಸರ್ ಹಾಳೆ ಮಡಚಿದರು. ಮೇಡಂ ಗಡಿಯಾರ ನೋಡಿದರು. ಅಲ್ಲಿಗೆ ನಮ್ಮನ್ನು ಹೊರಗೆ ಕಳಿಸಿದರು.

ಮುಂದಿನ ಶನಿವಾರ ಕ್ವಿಜ್. ಸೆಮಿಸ್ಟರಿನ ಕೊನೆಯದು. ಹಾಳೆಗಳು ಬಂದವು, ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದರು. ಸಂಘಮಿತ್ರಾ ಎದ್ದು ನಿಂತಳು. ಮೊದಲೇ ಮಾತಾಡಿಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವಳ ಬೆನ್ನು ನೋಡುತ್ತ ನನಗೆ ಕೂರಲಾಗಲಿಲ್ಲ. ನಾನೂ ಎದ್ದೆ. ಬಾಗಿಲ ಬಳಿ ನಾಹಿದ ಎದ್ದಳು. ಹಿಂದೆ ಬೆಂಚು ಕರಕರ ಎಂದದ್ದು ಕೇಳಿ ತಿರುಗಿದರೆ ಮಶಾಕ.

"ಕುಂದ್ರಿ. ಟೈಮ್ ಹೋಗ್ಲಿಕತ್ತದ," ಎಂದರು ಸರ್.

"ಹೋಗ್ಲಿರಿ. ಕದ್ದೀರಿ ಅಂದದ್ದು ಈ ಹಲಗಿ ಮುಂದ. ಕದ್ದಿಲ್ಲ ಅಂದದ್ದು ಪ್ರಿನ್ಸಿಪಾಲರ ಖೋಲ್ಯಾಗ. ಇವ್ರಿಗೆ ಹ್ಯಾಂಗ ಗೊತ್ತಾಗ್ಬೇಕ್ರಿ? ನನ್ನ ಚೀಲಕ್ಕ ಕೈ ಹಾಕ್ಯಾರ ಸರ್. ನೀವು ಹೇಳೋ ಮಟ ನಾ ಇಲ್ಲಿ ಕುಂದ್ರಂಗಿಲ್ಲ."

"ಮರುಕ್ವಿಜ್ ಕೊಡಂಗಿಲ್ಲ ನಾನು."

"ಕೇಳಿಲ್ಲರಿ."

ಸರ್ ತಮ್ಮ ಕುರ್ಚಿಗೆ ಹೋಗಿ ಕೂತರು. ನಾವು ನಿಂತೇ ಇದ್ದೆವು. ನನಗೆ ಆ ಪ್ರಶ್ನೆಗಳು ನಿಂತಲ್ಲಿಂದಲೇ ಕಾಣುತ್ತಿದ್ದವು, ಬರುತ್ತಿದ್ದವು ಕೂಡ, ಅದೇ ಹೊಟ್ಟೆ ಉರಿ. ಕಾಲು ನೋಯುತ್ತಿತ್ತು. ಊರಿನ ಹುಡುಗರು ಬರೆಯುವುದು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೀಲಕ್ಕೆ ಕೈ ಹಾಕಿದವಳು ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು. ಸರ್ ಪುಸ್ತಕ ತೆರೆದರು, ಒಂದು ಪುಟವನ್ನೂ ತಿರುವಲಿಲ್ಲ. ಆಮೇಲೆ ಎದ್ದರು. ಹಲಗೆಯ ಮುಂದೆ, ಅವತ್ತು ನಿಂತಲ್ಲೇ ಬಂದು ನಿಂತರು.

"ಎಲ್ಲಾರೂ ಕೇಳ್ರಿ. ಈ ನಾಲ್ಕು ಮಂದಿ ನಕಲು ಮಾಡಿದ್ದಿಲ್ಲ. ಲೆಕ್ಕ ತಪ್ಪಿದ್ರು, ಅಷ್ಟೇ. ಕದ್ದೀರಿ ಅಂತ ನಾ ಅಂದದ್ದು ಸುಳ್ಳು. ವಿಚಾರ ಮಾಡದೇ ಅಂದೆ."

ನಾಹಿದ ಅಳುತ್ತಿದ್ದಳು. ನಾವು ಕೂತೆವು. ಪೆನ್ನಿನ ಮುಚ್ಚಳ ತೆಗೆದದ್ದಷ್ಟೇ, ಗಂಟೆ ಹೊಡೆಯಿತು.

ಸರ್ ಹಾಳೆ ಒಟ್ಟು ಮಾಡುತ್ತ ಬಂದರು. ನಮ್ಮವು ನಾಲ್ಕೂ ಖಾಲಿ. ಅವರ ಕೈ ಒಂದು ಗಳಿಗೆ ತಡೆಯಿತು, ಆದರೆ ನಿಯಮ ಬಿಡುವ ಮನುಷ್ಯ ಅವರಲ್ಲ. ನಮ್ಮೆದುರೇ ನಾಲ್ಕಕ್ಕೂ ಸೊನ್ನೆ ಬರೆದರು. ಸಂಘಮಿತ್ರಾಳ ಬೆಂಚಿನ ಬಳಿ ನಿಂತು, ಬೈಯುವಂತೆಯೂ ಅಲ್ಲ, ಮುದ್ದು ಮಾಡುವಂತೆಯೂ ಅಲ್ಲ, ಕೇಳಿದರು:

"ಅಷ್ಟ್ ಹೊತ್ತು ನಿಂತಿ. ಏನ್ ಸಿಕ್ತವಾ?"

"ಕುಂದರ್ಲಿಕ್ಕೆ ಜಾಗ ಸಿಕ್ತರಿ, ಸರ್."