ಗೋಡೆ ಪಕ್ಕದ ಸ್ಟಾಪು

ನಮ್ಮ ಮನೆಯವರಿಗೆ ಬಸ್ಸು ಓಡಿಸೋದು ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ. ಹೋದ ವರ್ಷ ಯಾರೂ ಇಲ್ಲದ ಕಡೆ ದನಿ ಕೇಳಿಸೋಕೆ ಶುರುವಾಗಿ ಆಸ್ಪತ್ರೆ ಸೇರಿದಾಗಲೂ ಅವರ ಚಿಂತೆ ಒಂದೇ, ತಮ್ಮ ರೂಟನ್ನ ಯಾರಿಗೆ ಕೊಟ್ಟರು ಅಂತ. ಈಗ ಮಾತ್ರೆ ಹಿಡಿಸಿದೆ. ನಿದ್ದೆ ಬರುತ್ತೆ, ನನ್ನ ಹತ್ತಿರ ಜಗಳ ಆಡೋ ಮಟ್ಟಕ್ಕೆ ಸುಧಾರಿಸಿದ್ದಾರೆ. ಕಾಯಿಲೆ ಇದೆ ಅಂದಮಾತ್ರಕ್ಕೆ ಸ್ಟೇರಿಂಗ್ ಕಿತ್ತುಕೊಳ್ಳೋಕಾಗಲ್ಲ, ಓಡಿಸಿ ತೋರಿಸಲಿ ಅಂದರು ಡಾಕ್ಟರು. ಪಾಸಾದರೆ ಮತ್ತೆ ಬಸ್ಸು, ಇಲ್ಲದಿದ್ದರೆ ಡಿಪೋದಲ್ಲಿ ಕೂತು ನೊಣ ಹೊಡೆಯೋದು.

ಪರೀಕ್ಷೆಯ ಕಾರಿಗೆ ಎರಡು ಬ್ರೇಕು. ಒಂದು ಇವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಪರೀಕ್ಷಕರ ಕಾಲಡಿ. ಬಾಯಿ ಬಿಡಬಾರದು ಅನ್ನೋ ಕರಾರಿನ ಮೇಲೆ ನನ್ನನ್ನ ಹಿಂದೆ ಕೂರಿಸಿದರು. ನನ್ನ ಬಾಯಿಗೆ ಬೀಗ ಅಂದರೆ ಕೇಳಬೇಕಾ.

ಇವರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿದರು. ಆದರೆ ಸ್ವಲ್ಪ ದೂರಕ್ಕೊಂದು ಸಲ ಸುಮ್ಮನೆ ರಸ್ತೆ ಬದಿಗೆ ತಂದು ನಿಲ್ಲಿಸ್ತಾರೆ, ಕಾಯ್ತಾರೆ, ಮತ್ತೆ ಹೊರಡ್ತಾರೆ. ಪರೀಕ್ಷಕರ ಮುಖ ಗಂಟಾಯ್ತು, ಪೆನ್ನು ಓಡಿತು. ನನಗೆ ತಡೆಯೋಕಾಗಲಿಲ್ಲ. ಸಾರ್, ಕಣ್ಣು ಬಿಟ್ಟು ನೋಡಿ, ಅವೆಲ್ಲ ಬಸ್ ಸ್ಟಾಪು, ಅದು ಕಾಯಿಲೆಯಲ್ಲ, ಕಾಲಿಗಂಟಿದ ಚಾಳಿ ಅಂತ ರೇಗಿಬಿಟ್ಟೆ. ಅವರು ಹೊರಗೆ ನೋಡಿ, ನಕ್ಕು, ಬರೆದದ್ದನ್ನ ಹೊಡೆದುಹಾಕಿದರು. ಗೆದ್ದೆವು ಅಂದುಕೊಂಡೆ.

ಉದ್ದನೆಯ ಕಾಂಪೌಂಡ್ ಗೋಡೆಯೊಂದರ ಪಕ್ಕ ಕಾರು ಮತ್ತೆ ನಿಂತಿತು. ಅಲ್ಲಿ ಸ್ಟಾಪಿನ ಕಂಬವಿಲ್ಲ, ಜನವೂ ಇಲ್ಲ. ಇವರು ಕನ್ನಡಿಯಲ್ಲಿ ನನ್ನ ಪಕ್ಕದ ಖಾಲಿ ಸೀಟು ನೋಡ್ತಾ, "ನಿಧಾನ ಇಳಿಯಮ್ಮ" ಅಂದರು.

ಆ ಮಾತು ನನಗೇ ಹೇಳಿದ್ದು ಅಂದುಕೊಂಡ ಪರೀಕ್ಷಕರು ನನ್ನ ಕಡೆ ತಿರುಗಿದರು. "ಇದೂ ಹಳೇ ಸ್ಟಾಪೇನಮ್ಮಾ?"

ಹೂಂ ಅಂದಿದ್ದರೆ ಮುಗಿದಿತ್ತು. ನಾಳೆ ಬೆಳಿಗ್ಗೆ ಇವರು ಯೂನಿಫಾರಂ ಹಾಕಿಕೊಂಡು ಹೊರಡ್ತಿದ್ದರು, ಬಸ್ಸಿನ ತುಂಬ ಜನ. ಇಲ್ಲದವಳನ್ನ ಇಳಿಸೋಕೆ ನಡುರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಅವರೆಲ್ಲರ ಗತಿ?

"ಇಲ್ಲ ಸಾರ್. ಇಲ್ಲಿ ಸ್ಟಾಪಿಲ್ಲ. ನನ್ನ ಪಕ್ಕ ಯಾರೂ ಇಲ್ಲ."

ಇವರು ತಿರುಗಿ ನೋಡಲಿಲ್ಲ. ಕೀ ತೆಗೆದು ಪರೀಕ್ಷಕರ ಕೈಗಿಟ್ಟರು.

ವಾಪಸ್ಸು ಬಸ್ಸಲ್ಲಿ ಬಂದೆವು. ಸ್ಟಾಪು ಬಂದಾಗಲೆಲ್ಲ ಇವರ ಬಲಗಾಲು ನೆಲ ಒತ್ತುತ್ತಿತ್ತು. ಮಾತ್ರೆ ಬದಲಾಯಿಸಿ ಇನ್ನೊಂದು ಸಲ ಕರೀತಾರಂತೆ, ಮನೆ ಏನೂ ಮುಳುಗಿಹೋಗಿಲ್ಲ ಅಂತ ಏನೇನೋ ಒದರಿದೆ. ಆ ಗೋಡೆ ಬಂತು. ಬಸ್ಸು ನಿಲ್ಲದೆ ಮುಂದೆ ಹೋಯಿತು.

ಇವರು ಹಿಂದಿನ ಖಾಲಿ ಸೀಟಿನ ಕಡೆ ನೋಡಿ ನನ್ನ ಕೈ ಹಿಡಿದುಕೊಂಡರು.

"ಪಾಪ, ಅವಳನ್ನ ಇಳಿಸಲೇ ಇಲ್ಲ ಕಣೇ. ಈಗ ಮನೆಗೆ ಹೇಗೆ ಹೋಗ್ತಾಳೆ?"