ಒಂದೂವರೆಯ ಮುಳ್ಳು

"ಯಾರಾದ್ರೂ ಕೇಳಿಸ್ಕೊಳ್ತಿದ್ದೀರಾ? ಓವರ್" ಎಂದು ಮೇಷ್ಟ್ರು ಹದಿನಾಲ್ಕನೆಯ ಸಲ ಹೇಳಿ ಮೈಕಿನ ಗುಂಡಿಯಿಂದ ಬೆರಳು ತೆಗೆದರು. ರೇಡಿಯೊ ಮಿಸುಕಲಿಲ್ಲ. ಗೋಡೆಯ ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು.

ಅಗ್ನಿಶಾಮಕ ಠಾಣೆಯ ತಾರಸಿಯ ಮೇಲಿನ ಆ ಕೋಣೆಯಲ್ಲಿ ನಾಲ್ಕೇ ಜನ. ಮೈಕು ಹಿಡಿದಿದ್ದವರು ಊರಿನ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದವರು ಠಾಣೆಯ ಅಧಿಕಾರಿ. ಮೇಷ್ಟ್ರ ಹಿಂದೆ ಸ್ಟೂಲಿನ ತುದಿಯಲ್ಲಿ ಕೂತಿದ್ದವಳು ಮೋಟರ್ ರಿವೈಂಡಿಂಗ್ ಅಂಗಡಿ ನಡೆಸುವವಳು, ಕ್ಲಬ್ಬಿನವರ ಬಾಯಲ್ಲಿ ವೈಂಡಿಂಗ್ ಅಕ್ಕ. ನಾಲ್ಕನೆಯವರು ಅವಳ ಅತ್ತೆ. ಅವರನ್ನು ಯಾರೂ ಕರೆದಿರಲಿಲ್ಲ, ನಿಜ. ಆದರೆ ಸೊಸೆಯ ಕೈಕೆಲಸ ಪರೀಕ್ಷೆಗೆ ನಿಂತ ದಿನ ಮನೆಯಲ್ಲಿ ಕೂತು ಅವರೆಕಾಳು ಸುಲಿಯುವ ಪೈಕಿ ಅವರಲ್ಲ.

ಪರೀಕ್ಷೆ ಎಂದರೆ ಇಷ್ಟೇ. ಫೋನು, ಕರೆಂಟು ಎಲ್ಲವೂ ಕೈಕೊಟ್ಟ ದಿನ ಉಪಯೋಗಕ್ಕೆ ಬರಲಿ ಎಂದು ಠಾಣೆಯಲ್ಲೊಂದು ರೇಡಿಯೊ ಇಡಲು ಅಧಿಕಾರಿ ಒಪ್ಪಿದ್ದರು. ಒಂದು ಷರತ್ತು. ಹನ್ನೊಂದು ಗಂಟೆಯೊಳಗೆ ಬೆಟ್ಟಗಳ ಆಚೆಯ ಊರಿನಲ್ಲಿರುವ ದಂತವೈದ್ಯರ ಜೊತೆ ಮಾತಾಡಿ ತೋರಿಸಬೇಕು. ಅವರೂ ಹ್ಯಾಮ್, ರೋಗಿಗಳನ್ನು ಹೊರಗೆ ಕೂರಿಸಿ ಕಾಯುತ್ತೇನೆ ಎಂದಿದ್ದರು. ಆಗಲಿಲ್ಲವೋ, ತಾರಸಿಯ ಮೇಲೆ ಅಕ್ಕ ಕಟ್ಟಿದ ತಂತಿಯ ಆಂಟೆನಾ ಕೆಳಗಿಳಿಯುತ್ತದೆ, ಕಂಪನಿಯ ಸಿದ್ಧ ಆಂಟೆನಾ ಮೇಲೇರುತ್ತದೆ. ತಾನು ಕಟ್ಟಿದ್ದೇ ಅಲ್ಲಿರಬೇಕೆಂದು ಅವಳಿಗೆ ಆಸೆಯಿತ್ತು. ಅದರಲ್ಲಿ ಮುಚ್ಚುಮರೆ ಏನು? ಇಪ್ಪತ್ತೆರಡು ವರ್ಷ ತಾಮ್ರದ ತಂತಿ ಸುತ್ತಿ ಬೆರಳಿನ ತುದಿಯೆಲ್ಲ ಜಡ್ಡುಗಟ್ಟಿದ ಹೆಂಗಸು, ನಲವತ್ತೈದನೇ ವಯಸ್ಸಿಗೆ ಪರೀಕ್ಷೆಗೆ ಕೂತು ಲೈಸೆನ್ಸು ತೆಗೆದಿದ್ದಳು. ಕ್ಲಬ್ಬಿನಲ್ಲಿ ಇಷ್ಟು ದಿನವೂ ಅವಳಿಗೆ ಸಿಕ್ಕಿದ್ದು ಬೆಸುಗೆ ಹಾಕುವ ಕೆಲಸ ಮಾತ್ರ. ಮೈಕು ಸಿಕ್ಕಿದ್ದು ಅಪರೂಪ.

"ಸೆಟ್ಟು ಸರಿಯಿದೆ, ಮೀಟರೂ ಸರಿಯಿದೆ. ನೋಡಿ, ಮುಳ್ಳು ಒಂದರ ಮೇಲೇ ನಿಂತಿದೆ" ಎಂದರು ಮೇಷ್ಟ್ರು ಅಧಿಕಾರಿಯ ಕಡೆ ತಿರುಗಿ. "ನಾವು ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರ್ತಿದೆ ಅಂತ ಈ ಮೀಟರು ಹೇಳುತ್ತೆ. ಒಂದು ಅಂದ್ರೆ ಏನೂ ವಾಪಸ್ ಬರ್ತಿಲ್ಲ. ಮೂರಕ್ಕೆ ಹೋದ್ರೆ ಸೆಟ್ಟಿಗೇ ಅಪಾಯ."

"ಮತ್ತೆ ಅವರಿಗೆ ಕೇಳಿಸ್ತಿಲ್ಲ ಯಾಕೆ?" ಎಂದರು ಅಧಿಕಾರಿ.

"ಇವತ್ತು ಗಾಳಿಯಲ್ಲೇ ಸದ್ದಿಲ್ಲ ನೋಡಿ. ಇಲ್ಲಾಂದ್ರೆ ತಂತಿ. ಶಕ್ತಿ ತಗೊಳ್ತಿದೆ, ಹೊರಗೆ ಬಿಡ್ತಿಲ್ಲ. ಮನೇಲಿ ಮಾಡಿದ್ದು ಮನೇಲಿ ಮಾಡಿದ ಹಾಗೇ ಇರುತ್ತೆ."

ಅತ್ತೆಯ ಮುಖ ಕೆಂಪಾಯಿತು. "ಅಲ್ಲ ಮೇಷ್ಟ್ರೇ, ಈ ಊರಿನ ಅರ್ಧ ಪಂಪು ತಿರುಗೋದು ಇವಳು ಸುತ್ತಿದ ತಂತೀಲಿ. ನಿಮ್ಮ ಮನೆ ತೊಟ್ಟಿಗೆ ನೀರು ಏರ್ತಿರೋದು ಯಾರ ಕೈಯಿಂದ ಅಂತ ಕೇಳ್ಕೊಳ್ಳಿ."

"ಅತ್ತೆ, ಸುಮ್ನಿರಿ" ಎಂದಳು ಅಕ್ಕ. ಅವಳ ಕಣ್ಣು ಮೀಟರಿನ ಮೇಲೆ ನೆಟ್ಟಿತ್ತು. ಆ ಮುಳ್ಳಿನಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. "ಮೇಷ್ಟ್ರೇ, ಪವರ್ ಇಳಿಸಿ ಸ್ವಲ್ಪ ಕೆಳಗಿನ ಫ್ರೀಕ್ವೆನ್ಸಿಗೆ ಹೋಗ್ತೀರಾ? ಯಾರೂ ಮಾತಾಡ್ತಿಲ್ಲ ಅಂತ ನೋಡ್ಕೊಂಡು ಒಂದೇ ಒಂದು ಸಲ ಒತ್ತಿ."

ಮೇಷ್ಟ್ರು ಬೇಸರದಿಂದಲೇ ಒತ್ತಿದರು. ಮುಳ್ಳು ಒಂದು.

"ಈಗ ಮೇಲೆ."

ಒಂದು. ಅಲ್ಲಾಡಲೂ ಇಲ್ಲ.

"ಇದು ನನ್ನ ತಂತಿ ಅಲ್ಲ" ಎಂದಳು ಅಕ್ಕ. "ನನ್ನ ತಂತಿ ಇಷ್ಟು ಒಳ್ಳೇದಲ್ಲ."

ಅತ್ತೆ ಅವಳ ತೋಳು ಚಿವುಟಿದರು. "ಏನೇ ಇದು, ನಾನಿಲ್ಲಿ ನಿನ್ನ ಪರ ಗಂಟಲು ಹರ್ಕೊಳ್ತಿದ್ದೀನಿ, ನೀನು ನಿನ್ನ ಕೆಲಸಾನೇ ಹಳೀತೀಯಾ?"

"ಹಳೀತಿಲ್ಲ ಅತ್ತೆ, ಇರೋದನ್ನೇ ಹೇಳ್ತಿದ್ದೀನಿ. ಆ ಕಡೆ ತುದಿ ಕಬ್ಬಿಣದ ನೀರಿನ ಟ್ಯಾಂಕಿಗೆ ಹತ್ತಿರ ಇದೆ. ಎರಡು ದಿನ ಬೆರಳಷ್ಟು ಬೆರಳಷ್ಟು ಕತ್ತರಿಸಿ ನೋಡಿದೆ. ಈ ಫ್ರೀಕ್ವೆನ್ಸಿಗೆ ಒಂದೂವರೆ, ಕೆಳಗೆ ಹೋದ್ರೆ ಎರಡರ ಹತ್ತಿರ. ಎಷ್ಟು ಹೆಣಗಿದ್ರೂ ಒಂದೂವರೆಗಿಂತ ಇಳೀಲಿಲ್ಲ. ರಾತ್ರೋರಾತ್ರಿ ಅದು ಒಂದಕ್ಕೆ ಬಂತು ಅಂದ್ರೆ ನಾನು ನಂಬಲ್ಲ."

ತನ್ನ ಕೆಲಸದ ಕೊರತೆಯನ್ನು ಇಷ್ಟು ಗತ್ತಿನಿಂದ ಹೇಳಿದವರನ್ನು ಆ ಠಾಣೆ ಹಿಂದೆ ಕಂಡಿರಲಾರದು. ಅಧಿಕಾರಿ ಕಟ್ಟಿದ ಕೈ ಬಿಚ್ಚಿ ಒಂದು ಹೆಜ್ಜೆ ಒಳಗೆ ಬಂದರು. ಅಕ್ಕ ಎದ್ದು ಮೇಜಿನ ಹಿಂದೆ ಹೋದಳು. ಮೇಷ್ಟ್ರ ಚೀಲವನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿದ್ದ ಎಣ್ಣೆ ಡಬ್ಬದ ಮೇಲೆ ಅಂಗೈ ಇಟ್ಟಳು. ಮೋಟರ್ ಕೆಟ್ಟಿದೆಯೋ ಇಲ್ಲವೋ ಎಂದು ಅವಳು ಮೊದಲು ನೋಡುವುದು ಹಾಗೆಯೇ. ಡಬ್ಬ ಬಿಸಿಯಾಗಿತ್ತು.

ಅದಕ್ಕೆ ಡಮ್ಮಿ ಲೋಡ್ ಎನ್ನುತ್ತಾರೆ. ರೇಡಿಯೊದ ಶಕ್ತಿಯನ್ನು ಹೊರಗೆ ಬಿಡದೆ, ವಾಪಸ್ಸೂ ಕೊಡದೆ ತಾನೇ ನುಂಗಿ ಬಿಸಿಯಾಗುವ ಡಬ್ಬ. ಬೆಳಿಗ್ಗೆ ಯಾರಿಗೂ ತೊಂದರೆಯಾಗದ ಹಾಗೆ ಸೆಟ್ಟು ಪರೀಕ್ಷಿಸಲು ಮೇಷ್ಟ್ರೇ ಆಂಟೆನಾದ ಸ್ವಿಚ್ಚನ್ನು ಅದರ ಕಡೆ ತಿರುಗಿಸಿದ್ದರು, ಸರಿಯಾದ ಕ್ರಮವೇ. ಮತ್ತೆ ತಂತಿಯ ಕಡೆ ತಿರುಗಿಸುವುದನ್ನು ಮರೆತಿದ್ದರು. ನಲವತ್ತು ನಿಮಿಷದಿಂದ ಆ ದೊಡ್ಡ ಮನುಷ್ಯರು ಎಣ್ಣೆ ಡಬ್ಬದ ಜೊತೆ ಮಾತಾಡುತ್ತಿದ್ದರು. ಡಬ್ಬಕ್ಕೆ ಪ್ರತಿಯೊಂದು ಮಾತೂ ಕೇಳಿಸಿತ್ತು.

ಅಕ್ಕನ ಬೆರಳು ಸ್ವಿಚ್ಚಿನ ಹತ್ತಿರವೇ ಇತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವೇ ತಿರುಗಿಸಿ, ಮೇಷ್ಟ್ರೇ" ಎಂದಳು ಮೆಲ್ಲಗೆ.

ಮೇಷ್ಟ್ರು ಡಬ್ಬವನ್ನು ನೋಡಿದರು, ಸ್ವಿಚ್ಚನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಗಾಯಿತು. ಕೈ ಚಾಚಿ ತಿರುಗಿಸಿದರು. ಕೂಡಲೇ ರೇಡಿಯೊ ಬಾಯಿ ಬಿಟ್ಟಿತು. ಚಿಟಚಿಟ ಸದ್ದು, ದೂರದಲ್ಲೆಲ್ಲೋ ಇಬ್ಬರ ಮಾತು, ಶಿಳ್ಳೆ. ಯಾರೂ ಮಾತಾಡದ ಜಾಗ ನೋಡಿ ಕಡಿಮೆ ಪವರಿನಲ್ಲಿ ಗುಂಡಿ ಒತ್ತಿದರು. ಮುಳ್ಳು ಎದ್ದು ಒಂದೂವರೆಯ ಮೇಲೆ ನಿಂತಿತು.

"ಹಾಂ, ಇದು ನಂದು" ಎಂದಳು ಅಕ್ಕ.

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಕೂತ್ಕೊಳಮ್ಮ. ನೀನೇ ಕರಿ."

ಹತ್ತೂ ಐವತ್ತೆರಡು. ಅಕ್ಕ ಕೂತಳು, ಸೆರಗಿಗೆ ಅಂಗೈ ಒರೆಸಿಕೊಂಡು ಪವರ್ ಏರಿಸಿ, ಲೈಸೆನ್ಸಿನ ಜೊತೆ ಸಿಕ್ಕ ತನ್ನ ಕರೆಗುರುತು ಹೇಳಿ ದಂತವೈದ್ಯರನ್ನು ಕರೆದಳು. ಗುಂಡಿ ಬಿಟ್ಟಳು.

"ಎಲ್ಲಿ ಹೋಗಿದ್ರಿ ಇಷ್ಟೊತ್ತು?" ಎಂದಿತು ರೇಡಿಯೊ, ಗಡುಸಾಗಿ, ಸ್ಪಷ್ಟವಾಗಿ. ದಂತವೈದ್ಯರು. "ಕಾದು ಕಾದು ಸಾಕಾಗಿ ಒಂದು ಹಲ್ಲು ಕಿತ್ತು ಬಂದೆ. ಈಗ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳಿಸ್ತಿದೆ. ಯಾವ ಆಂಟೆನಾ ಅದು, ಯಾರು ಕಟ್ಟಿದ್ದು? ಓವರ್."

ಅಕ್ಕ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ತನ್ನ ಹೆಸರನ್ನು ತಾನೇ ಹೇಳುವುದು ಸುಲಭವಲ್ಲ. ಮೇಷ್ಟ್ರು ಬಗ್ಗಿ ಮೈಕು ತೆಗೆದುಕೊಂಡರು.

"ಮಾಮೂಲಿ ತಾಮ್ರದ ತಂತಿ, ಡಾಕ್ಟ್ರೇ. ಈಗ ಮಾತಾಡಿದವರೇ ಅಳೆದು, ಕತ್ತರಿಸಿ, ಕಟ್ಟಿದ್ದು. ತಡ ಆಗಿದ್ದು ನನ್ನಿಂದ, ತಂತಿಯಿಂದಲ್ಲ. ಇದನ್ನ ಬರ್ಕೊಳ್ಳಿ. ಓವರ್." ಮೈಕನ್ನು ಅವಳ ಕೈಗೇ ಹಿಂದಿರುಗಿಸಿದರು.

"ತಂತಿ ಅಲ್ಲೇ ಇರಲಿ" ಎಂದರು ಅಧಿಕಾರಿ. "ಯಾರೂ ಮುಟ್ಟೋದು ಬೇಡ."

ದಂತವೈದ್ಯರ ಹಿಂದೆಯೇ ಇನ್ನೊಂದು ಊರಿನವರು ಕರೆದರು, ಅವರ ಹಿಂದೆ ಮತ್ತೊಬ್ಬರು. ಅಕ್ಕ ಒಬ್ಬೊಬ್ಬರಿಗೇ ಉತ್ತರ ಕೊಡುತ್ತಾ ಹೋದಳು. ಒಳಗೆ ತನ್ನ ಮಾತು ಕೇಳುವವರು ಯಾರೂ ಉಳಿದಿಲ್ಲ ಎಂದು ಅತ್ತೆ ತಾರಸಿಗೆ ಬಂದು ಪ್ಯಾರಾಪೆಟ್ ಗೋಡೆ ಹಿಡಿದು ಬಗ್ಗಿ ನೋಡಿದರು. ಕೆಳಗೆ ಅಂಗಳದಲ್ಲಿ ಠಾಣೆಯವನೊಬ್ಬ ನೀರಿನ ವಾಹನ ತೊಳೆಯುತ್ತಿದ್ದ.

"ಕೇಳಿಸ್ತಿದೆಯೇನಪ್ಪಾ" ಎಂದು ಕೂಗಿದರು. "ಒಳಗೆ ಮಾತಾಡ್ತಿರೋದು ನನ್ನ ಸೊಸೆ."

ಅವನು ತಲೆಯೆತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಇನ್ನೊಂದು ಕೈಯ ಪೈಪಿನಿಂದ ನೀರು ಚಕ್ರ ಬಿಟ್ಟು ನೆಲದ ಮೇಲೆ ಹರಿಯುತ್ತಿತ್ತು.