ಕಟ್ಟಿಗೆ ಕೋಣೆ

"ಹಿಟ್ಟನ್ನು ಜರಡಿ ಹಿಡಿಯದೆ ಗಂಜಿಗೆ ಹಾಕಬೇಡ ನೀಮಾ. ಮೂಲೆಯ ಮೂಟೆಗೆ ಹುಳ ಬಿದ್ದಿತ್ತು. ಮತ್ತೆ ಆ ಟ್ಯಾಂಕಿನ ನಲ್ಲಿ..." ಎನ್ನುತ್ತಿದ್ದ ಸಿಸ್ಟರ್ ಕ್ಲೆಮೆಂಟಿನಾ ಅರ್ಧಕ್ಕೇ ನಿಲ್ಲಿಸಿ ಫೋನನ್ನು ಕಿವಿಗೆ ಒತ್ತಿಕೊಂಡರು. "ಯಾರು? ರೆಹೆಮಾಳಾ? ಶಾಲೆ ಬಿಟ್ಟು ಎಷ್ಟು ಹೊತ್ತಾಯಿತು?"

ಆಗಷ್ಟೇ ಆಫೀಸಿನಿಂದ ಬಂದು ಬಾಗಿಲ ಬಳಿ ಶೂ ಬಿಚ್ಚುತ್ತಿದ್ದ ತಮ್ಮ ಮೈಕಲ್ ತಲೆಯೆತ್ತಿ ನೋಡಿದ. ಅಕ್ಕ ಸೋಫಾದಿಂದ ಎದ್ದು ನಿಂತಿದ್ದರು. ಅವರ ಇನ್ನೊಂದು ಕೈ ಕುತ್ತಿಗೆಯ ಶಿಲುಬೆಯನ್ನು ಹಿಡಿದಿತ್ತು.

"ಎಂತ ಆಯ್ತಕ್ಕ?"

"ಒಂದು ಮಗು ಶಾಲೆಯಿಂದ ಬರ್ಲಿಲ್ಲ ಅಂತೆ. ಎರಡನೇ ಕ್ಲಾಸಿನವಳು. ಉಳಿದವರೆಲ್ಲ ಬಂದಿದ್ದಾರೆ, ಅವಳೊಬ್ಬಳಿಲ್ಲ."

ಸಿಸ್ಟರ್ ಕ್ಲೆಮೆಂಟಿನಾ ತಾಂಜಾನಿಯಾದ ಒಳನಾಡಿನಲ್ಲಿ ಒಂದು ಬಾಲಾಶ್ರಮ ನಡೆಸುತ್ತಿದ್ದರು. ಮೂವತ್ತಕ್ಕೂ ಹೆಚ್ಚು ಮಕ್ಕಳು. ಕೆಲವರಿಗೆ ತಂದೆತಾಯಿ ಇಲ್ಲ, ಕೆಲವರ ತಂದೆತಾಯಿಗೆ ಸಾಕುವ ಶಕ್ತಿ ಇಲ್ಲ. ಕಣ್ಣಿನ ಪೊರೆ ತೆಗೆಸಲು ಮಂಗಳೂರಿಗೆ ಹೊರಟವರು, ದಾರಿಯಲ್ಲಿ ಮಸ್ಕತ್ತಿನಲ್ಲಿ ಇಳಿದು ತಮ್ಮನ ಮನೆಯಲ್ಲಿ ಹತ್ತು ದಿನ ಕಳೆಯಲು ಬಂದಿದ್ದರು. ಆದರೆ ವಾದಿ ಕಬೀರಿನ ಈ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತೂ ಅವರು ನಡೆಸುತ್ತಿದ್ದುದು ಅಲ್ಲಿಯ ಮನೆಯನ್ನೇ. ಬೆಳಿಗ್ಗೆ ಅಲ್ಲಿ ಗಂಜಿಗೆ ನೀರಿಡುವ ಮೊದಲು ಒಂದು ಫೋನು, ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವಾಗ ಇನ್ನೊಂದು. ಮಾಡಿನ ಯಾವ ತಗಡು ಗಾಳಿಗೆ ಏಳುತ್ತದೆ, ಯಾರ ಯೂನಿಫಾರ್ಮಿನ ಮೊಣಕೈ ಹರಿದಿದೆ, ಯಾರ ತಲೆಯಲ್ಲಿ ಹೇನು ಇಳಿದಿಲ್ಲ ಎಂಬುದೆಲ್ಲ ಮೈಕಲ್‌ನ ಹೆಂಡತಿ ಡೀನಾಳಿಗೂ ಬಾಯಿಪಾಠವಾಗಿತ್ತು. "ಅಕ್ಕ ಇಲ್ಲಿರುವುದು ಊಟಕ್ಕೆ ಮಾತ್ರ" ಎಂದು ಅವಳು ನಗುತ್ತಿದ್ದಳು.

ಮೈಕಲ್‌ಗೆ ಗುರುವಾರದಿಂದ ನಗು ಬರುತ್ತಿರಲಿಲ್ಲ. ಅಂದು ಆಫೀಸಿನಲ್ಲಿದ್ದಾಗ ಮಂಗಳೂರಿನಿಂದ ಅಕ್ಕನ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಸುಪೀರಿಯರ್ ಫೋನ್ ಮಾಡಿದ್ದರು. ಸಿಸ್ಟರ್ ಕ್ಲೆಮೆಂಟಿನಾರನ್ನು ಮತ್ತೆ ಆಫ್ರಿಕಾಕ್ಕೆ ಕಳಿಸುವುದಿಲ್ಲ, ಅವರಿಗೆ ಮರೆವು ಹೆಚ್ಚಾಗಿದೆ ಎಂದಿದ್ದರು. ಚಳಿಗೆಂದು ಇದ್ದಲ ಒಲೆಯನ್ನು ಸಣ್ಣ ಮಕ್ಕಳು ಮಲಗುವ ಕೋಣೆಯೊಳಗಿಟ್ಟು, ಆಮೇಲೆ ಅದನ್ನು ಮರೆತು ಬಾಗಿಲು ಹಾಕಿಕೊಂಡು ಬಂದಿದ್ದರಂತೆ. ಹೊಗೆಗೆ ಉಸಿರುಕಟ್ಟುವ ಮೊದಲೇ ನೀಮಾ ನೋಡಿದ್ದರಿಂದ ಮಕ್ಕಳು ಉಳಿದರು. "ನೀವು ಒಡಹುಟ್ಟಿದವರು, ನೀವೇ ಮೆಲ್ಲ ಹೇಳಿದರೆ ಒಳ್ಳೆಯದು" ಎಂದಿದ್ದರು ಮದರ್. ಇಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಹೇಳುವುದೆಂದು ಮೈಕಲ್ ನಿಶ್ಚಯಿಸಿದ್ದ. ಇಗರ್ಜಿಯಿಂದ ಮನೆಯವರೆಗೂ ಅಕ್ಕ ಕಾರಿನಲ್ಲಿ ಹೊಸ ಪಾಯಿಖಾನೆ ಕಟ್ಟಿಸುವ ಜಾಗದ ಬಗ್ಗೆಯೇ ಮಾತಾಡಿದ್ದರು. ಅವನಿಗೆ ಬಾಯಿ ಬರಲಿಲ್ಲ. ಇಂದು ಸೋಮವಾರ.

"ಸ್ಪೀಕರ್ ಹಾಕಿ ಅಕ್ಕ," ಎಂದ.

ಅಕ್ಕ ನೀಮಾಳ ಜೊತೆ ಸ್ವಾಹಿಲಿಯಲ್ಲಿ ಮಾತಾಡುತ್ತಿದ್ದರು. ಸ್ಪೀಕರ್ ಹಾಕಿದ್ದು ತಿಳಿದರೆ ನೀಮಾ, ಮನೆಯವರಿಗೆ ಅರ್ಥವಾಗಲೆಂದು, ಇಂಗ್ಲಿಷಿಗೆ ತಿರುಗುತ್ತಿದ್ದಳು. ಅವಳು ಅದೇ ಆಶ್ರಮದಲ್ಲಿ ಬೆಳೆದವಳು. ಈಗ ಸಿಸ್ಟರ್ ಇಲ್ಲದಾಗ ಮನೆಯ ಹೊಣೆ ಅವಳದು.

"ಶಾಲೆಯ ಗೇಟಿನವರೆಗೆ ಮಕ್ಕಳ ಜೊತೆಗೇ ಇದ್ದಳು ಸಿಸ್ಟರ್. ಆಮೇಲೆ ಯಾರೂ ನೋಡಿಲ್ಲ. ನದಿಯ ಕಡೆಗೆ ಇಬ್ಬರನ್ನು ಕಳಿಸಿದ್ದೇನೆ. ನಾನು ಪೇಟೆಯ ಕಡೆ ಹೊರಟಿದ್ದೇನೆ."

"ಮೊದಲು ಕಟ್ಟಿಗೆ ಕೋಣೆ ನೋಡು. ಅಡುಗೆಮನೆಯ ಹಿಂದೆ. ಬೈದರೆ ಮಕ್ಕಳು ಅಡಗಿ ಕೂರುವುದು ಅಲ್ಲೇ."

ಅತ್ತ ನೀಮಾ ದನಿ ತಗ್ಗಿಸಿದಳು.

"ಸಿಸ್ಟರ್, ಕಟ್ಟಿಗೆ ಕೋಣೆಯನ್ನು ನೀವೇ ಕೆಡವಿಸಿದಿರಲ್ಲ. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಈಗ ಅಲ್ಲಿ ನೀರಿನ ಟ್ಯಾಂಕ್ ಇದೆ."

"ಹೌದಲ್ಲ," ಎಂದರು ಸಿಸ್ಟರ್. "ಹೌದು, ಹೌದು. ಟ್ಯಾಂಕ್." ಅವರು ಮೈಕಲ್‌ನ ಮುಖವನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು.

ಫೋನ್ ಇಟ್ಟ ಮೇಲೆ ಮಾಡಲು ಏನೂ ಇರಲಿಲ್ಲ. ಕೆಳಗಿನ ಗ್ಯಾರೇಜಿನಲ್ಲಿ ಯಾರೋ ಕಾರಿನ ಬಾಗಿಲಿನ ತಗ್ಗನ್ನು ಸುತ್ತಿಗೆಯಿಂದ ಬಡಿದು ಸರಿಮಾಡುತ್ತಿದ್ದರು. ಡೀನಾ ಚಹಾ ತಂದಿಟ್ಟಳು. ಅದು ಆರಿ ಕೆನೆ ಕಟ್ಟಿತು. ಒಂಬತ್ತನೇ ಕ್ಲಾಸಿನ ಮಗಳು ಮೆರಿಲ್ ಪುಸ್ತಕ ಮುಚ್ಚಿಟ್ಟು ಬಂದು ಅತ್ತೆಯ ಪಕ್ಕ ಕೂತಳು.

"ಸಿಸ್ಟರಾಂಟಿ, ಪೊಲೀಸ್‌ಗೆ ಕಂಪ್ಲೇಂಟ್ ಕೊಟ್ರಾ?"

"ನೀಮಾ ಕೊಡ್ತಾಳೆ ಮಗಾ. ಅಲ್ಲಿ ಕತ್ತಲೆ ಒಮ್ಮೆಲೇ ಆಗ್ತದೆ. ರಸ್ತೆಗೆ ಲೈಟಿಲ್ಲ. ನದಿಯಲ್ಲಿ ನೀರುಂಟು ಈಗ." ಸಿಸ್ಟರ್ ಕಿಟಕಿಯ ಹೊರಗೆ ನೋಡಿದರು. ಎದುರಿನ ಬೋಳು ಗುಡ್ಡದ ಮೇಲೆ ಬಿಸಿಲು ಕೆಂಪಾಗಿತ್ತು. "ಅಲ್ಲಿ ಇನ್ನೂ ಒಂದು ಗಂಟೆ ಬೆಳಕುಂಟು," ಎಂದು ತಮಗೆ ತಾವೇ ಹೇಳಿಕೊಂಡರು.

ಆ ಒಂದು ಗಂಟೆ ಅವರು ಕೂರಲಿಲ್ಲ. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಡೀನಾ ಜಪಮಾಲೆ ಹಿಡಿದು ತೇರ್ಸದ ಪ್ರಾರ್ಥನೆ ಶುರುಮಾಡಿದಾಗ ಬಂದು ಮೊಣಕಾಲೂರಿದರು; ಅರ್ಧದಲ್ಲಿ ಎದ್ದು ಫೋನಿನ ಚಾರ್ಜ್ ನೋಡಿದರು. ಮಸೀದಿಯಲ್ಲಿ ಸೂರ್ಯಾಸ್ತದ ಮಗ್ರಿಬ್ ಬಾಂಗ್ ಆಗುವಾಗ ತಡೆಯಲಾರದೆ ತಾವೇ ಫೋನ್ ಹಚ್ಚಿದರು.

"ಸಿಕ್ಕಿದಳಾ?"

"ಇಲ್ಲ ಸಿಸ್ಟರ್. ನದಿಯ ಕಡೆ ಇಲ್ಲ. ಹುಡುಕುತ್ತಿದ್ದೇವೆ." ನೀಮಾ ಏದುಸಿರು ಬಿಡುತ್ತಿದ್ದಳು. ಹಿಂದೆ ಮೋಟರ್‌ಸೈಕಲ್ಲಿನ ಸದ್ದು.

"ಕಟ್ಟಿಗೆ ಕೋಣೆ ನೋಡಿದಿರಾ? ಅಡುಗೆಮನೆಯ ಹಿಂದೆ?"

ಡೀನಾ ಜಪಮಾಲೆಯ ಮಣಿಯ ಮೇಲೆ ಬೆರಳಿಟ್ಟು ಹಾಗೆಯೇ ಉಳಿದಳು.

"ನೋಡಿದೆವು ಸಿಸ್ಟರ್," ಎಂದಳು ನೀಮಾ ಮೆತ್ತಗೆ. "ಅಲ್ಲಿಲ್ಲ."

ಆ ಹುಡುಗಿ ಇಂಥ ಉತ್ತರ ಕೊಡುವುದು ಇದು ಮೊದಲ ಸಲ ಅಲ್ಲ ಎಂದು ಮೈಕಲ್‌ಗೆ ತಟ್ಟನೆ ಅನ್ನಿಸಿತು. ಅಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಮದರ್ ಹೇಳಿದ್ದನ್ನು ಅವನು ಇಷ್ಟು ದಿನ ಪೂರ್ತಿ ನಂಬಿರಲಿಲ್ಲ. ಅಕ್ಕನಿಗೆ ದಣಿವಾಗಿದೆ, ಕಣ್ಣು ಸರಿಯಾದರೆ ಎಲ್ಲ ಸರಿಯಾದೀತು ಎಂದುಕೊಂಡಿದ್ದ. ಈಗ ಹಾಗೆ ಅಂದುಕೊಳ್ಳಲಾಗಲಿಲ್ಲ. ಅಕ್ಕ ಮಾತ್ರ ಫೋನನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯನ್ನೇ ನೋಡುತ್ತ ಕೂತುಬಿಟ್ಟರು. ಯಾವುದೋ ಲೆಕ್ಕ ತಾಳೆಯಾಗದವರಂತೆ ಅವರ ಹುಬ್ಬು ಗಂಟಿಕ್ಕಿತ್ತು.

ಹೊರಗೆ ಕತ್ತಲಾಯಿತು. ಕೊನೆಗೆ ಫೋನ್ ಬಂತು. ಮೆರಿಲ್ ಒತ್ತಿಕೊಟ್ಟಳು.

"ಸಿಕ್ಕಿದಳು ಸಿಸ್ಟರ್. ಏನೂ ಆಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು."

"ದೇವಾ," ಎಂದಳು ಡೀನಾ. ಸಿಸ್ಟರ್ ಕಣ್ಣು ಮುಚ್ಚಿದರು.

"ಬಸ್‌ಸ್ಟ್ಯಾಂಡಿಗೆ ಯಾಕೆ ಹೋದಳು?"

ನೀಮಾ ತಡವರಿಸಿದಳು. "ನಗರದಿಂದ ಬರುವ ಬಸ್ಸನ್ನೆಲ್ಲ ನೋಡುತ್ತ ಕೂತಿದ್ದಳಂತೆ. ಕರೆದರೂ ಏಳಲೊಲ್ಲಳು. ಸಿಸ್ಟರ್ ಸೋಮವಾರದ ಬಸ್ಸಿಗೆ ಬರುತ್ತೇನೆ ಅಂದಿದ್ದಾರೆ ಅಂತಾಳೆ."

"ನಾನು ಹಾಗೆ ಹೇಳಿದ್ದೆನಾ?"

"ಮಗು ಸಿಸ್ಟರ್. ಏನೋ ಅಂದುಕೊಂಡಿರಬೇಕು."

"ಇಲ್ಲ," ಎಂದರು ಸಿಸ್ಟರ್. "ರೆಹೆಮಾ ಅಂಥವಳಲ್ಲ. ನಾನೇ ಹೇಳಿರಬೇಕು." ಸ್ವಲ್ಪ ತಡೆದು, "ನೀಮಾ, ಕಟ್ಟಿಗೆ ಕೋಣೆಯಲ್ಲಿ ನೋಡಿದೆವು ಅಂದೆಯಲ್ಲ ಆಗ. ಇಲ್ಲದ ಕೋಣೆಯಲ್ಲಿ ಹೇಗೆ ನೋಡಿದೆ?"

ಅತ್ತಲಿಂದ ಮೂಗು ಏರಿಸಿಕೊಂಡ ಸದ್ದು ಮಾತ್ರ ಕೇಳಿಸಿತು.

"ಅಳಬೇಡ. ಎಷ್ಟು ಸಮಯದಿಂದ ಹೀಗೆ ನನ್ನ ಮಾತಿಗೆ ಹೂಂ ಅನ್ನುತ್ತಿದ್ದೀರಿ?"

"ಕಳೆದ ಮಳೆಗಾಲದಿಂದ," ಎಂದಳು ನೀಮಾ. ಆಮೇಲೆ, "ಸಿಸ್ಟರ್, ರೆಹೆಮಾ ಇಲ್ಲೇ ಇದ್ದಾಳೆ. ನಿಮ್ಮ ಹತ್ತಿರ ಮಾತಾಡಬೇಕಂತೆ."

"ಒಂದು ನಿಮಿಷ ಇರು."

ಅವರು ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ತಮ್ಮನ ಕಡೆ ತಿರುಗಿದರು. "ಮೈಕಲ್, ಮದರ್ ನಿನಗೆ ಫೋನ್ ಮಾಡಿದ್ರಾ? ಗುರುವಾರದಿಂದ ನೀನು ನನ್ನ ಮುಖ ನೋಡಿ ಮಾತಾಡ್ತಾ ಇಲ್ಲ."

ಮೈಕಲ್ ಡೀನಾಳನ್ನು ನೋಡಿದ. ಡೀನಾ ತಲೆ ತಗ್ಗಿಸಿದಳು.

"ಮಾಡಿದ್ರು ಅಕ್ಕ."

"ವಾಪಸ್ ಕಳಿಸುದಿಲ್ಲ ಅಂದ್ರಾ?"

"ಹೌದು."

"ಯಾಕೆ ಅಂತ ಹೇಳಿದ್ರಾ?"

ಹೇಳಲೋ ಬೇಡವೋ ಎಂದು ಅವನು ತೊಳಲಿದ. ಅಕ್ಕ ಕಾಯುತ್ತಿದ್ದರು. "ಇದ್ದಲ ಒಲೆಯನ್ನು ಮಕ್ಕಳ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿದ್ರಿ ಅಂತೆ. ನಿಮಗೆ ನೆನಪುಂಟಾ?"

ಅವರು ತುಂಬ ಹೊತ್ತು ಯೋಚಿಸಿದರು. ಆ ಮುಖದಲ್ಲಿ ಏನೂ ಮೂಡಲಿಲ್ಲ. "ಮಕ್ಕಳಿಗೆ?" ಎಂದರು ಕೊನೆಗೆ.

"ಎಂತ ಆಗ್ಲಿಲ್ಲ. ನೀಮಾ ನೋಡಿದ್ಳು."

ಸಿಸ್ಟರ್ ತಲೆಯಾಡಿಸಿದರು. ಬೆರಳಿನಿಂದ ಕಣ್ಣಿನ ಅಂಚು ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದರು.

"ಶಿಕಮೂ, ಸಿಸ್ಟರ್," ಎಂದಿತು ಸಣ್ಣ ದನಿ. ಅಲ್ಲಿಯ ಮಕ್ಕಳು ಹಿರಿಯರಿಗೆ ಹೇಳುವ ವಂದನೆ ಅದು.

ಮುಂದಿನ ಮಾತೆಲ್ಲ ಸ್ವಾಹಿಲಿಯಲ್ಲೇ ನಡೆಯಿತು. ಮಗು ಬಸ್ಸಿನ ಬಗ್ಗೆ ಏನೋ ಕೇಳಿತು. "ಹಪಾನ," ಎಂದರು ಸಿಸ್ಟರ್. ಹಪಾನ ಎಂದರೆ ಇಲ್ಲ ಎಂಬುದು ಇಷ್ಟು ದಿನಗಳ ಫೋನಿನಲ್ಲಿ ಕೇಳಿ ಕೇಳಿ ಮನೆಯವರಿಗೆಲ್ಲ ಗೊತ್ತಾಗಿತ್ತು. ಮಗು ಮತ್ತೊಂದು ಕೇಳಿತು. ಅದಕ್ಕೂ "ಹಪಾನ." ಮೂರನೆಯದನ್ನು ಕೇಳುವಾಗ ಆ ದನಿ ನಡುಗುತ್ತಿತ್ತು. ಸಿಸ್ಟರ್ ಈ ಸಲ ಹಪಾನ ಎನ್ನಲಿಲ್ಲ. ಕೆಳಗೆ ಗ್ಯಾರೇಜಿನವರು ಶಟರ್ ಎಳೆದದ್ದು ಕೇಳಿಸಿತು. ಆಮೇಲೆ ಅವರು ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಏನೋ ಹೇಳಿದರು. ಅದರಲ್ಲಿ ನೀಮಾಳ ಹೆಸರು ಎರಡು ಮೂರು ಸಲ ಬಂತು.

ಫೋನ್ ಇಟ್ಟ ಮೇಲೆ ಡೀನಾ ಅನ್ನ, ಮೀನಿನ ಸಾರು ಬಡಿಸಿದಳು. ಸಿಸ್ಟರ್ ಬಡಿಸಿದಷ್ಟನ್ನೂ ಉಂಡರು. "ನಾಳೆ ಬೆಳಿಗ್ಗೆ ನಾನು ಫೋನ್ ಮಾಡುದಿಲ್ಲ," ಎಂದರು ಮಧ್ಯದಲ್ಲೊಮ್ಮೆ. "ನೀಮಾಳೇ ಮಾಡ್ಲಿ, ಬೇಕಾದ್ರೆ." ಮೈಕಲ್‌ಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿ, ತಟ್ಟೆಯಿಂದ ತಲೆಯೆತ್ತಲಿಲ್ಲ.

ಸಿಸ್ಟರ್ ಮಲಗುತ್ತಿದ್ದುದು ಮೆರಿಲ್‌ಳ ಕೋಣೆಯಲ್ಲಿ. ಅವರಿಗೆ ಮಂಚ ಬಿಟ್ಟುಕೊಟ್ಟು ಮೆರಿಲ್ ನೆಲದ ಮೇಲೆ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಕುಡಿಯುವ ನೀರು ಇಟ್ಟುಬರಲು ಹೋದ ಮೈಕಲ್ ಅರ್ಧ ತೆರೆದ ಬಾಗಿಲ ಬಳಿ ನಿಂತ. ದೀಪ ಆರಿಸಿರಲಿಲ್ಲ. ಮೆರಿಲ್ ಕಣ್ಣು ಮುಚ್ಚಿ ಮಲಗಿದ್ದಳು. ಅಕ್ಕ ನೆಲದ ಮೇಲೆ ಮೊಣಕಾಲೂರಿ, ಆಶ್ರಮದ ಮಕ್ಕಳಿಗೆ ಸೊಳ್ಳೆಪರದೆಯ ಅಂಚನ್ನು ಸಿಕ್ಕಿಸುವಂತೆ, ಹೊದಿಕೆಯ ಅಂಚನ್ನು ಹಾಸಿಗೆಯ ಅಡಿಗೆ ಒಂದೊಂದು ಗೇಣಾಗಿ ಒತ್ತುತ್ತಿದ್ದರು. ಒಂದು ಬದಿ ಮುಗಿಸಿ, ಮಂಚ ಹಿಡಿದು ಎದ್ದು, ಮಗುವಿನ ಕಾಲ ಕಡೆಯಿಂದ ಸುತ್ತಿ ಬಂದು, ಇನ್ನೊಂದು ಬದಿಗೆ ಮೆಲ್ಲನೆ ಕೂತರು.